ಹಳಿ ಹಾಸಿದ ಪುಣ್ಯಾತ್ಮ: ವಿಲಿಯಂ ಡಾರ್ಗನ್

ಬಣ್ಣದ ವಿಷಯದಲ್ಲಿ ಐರ್ಲೆಂಡಿನ ರೈಲುಪ್ರಿಯರಷ್ಟು ನಿಷ್ಠುರರಾದ ವಿಮರ್ಶಕರನ್ನು ನಾನು ಸಾಹಿತ್ಯಲೋಕದಲ್ಲಿಯೂ ಕಂಡಿಲ್ಲ. ಗ್ರೇಟ್ ನಾರ್ದರ್ನ್ ಕಂಪನಿಯ ಎಂಜಿನ್ನುಗಳು 1930ರ ದಶಕದಲ್ಲಿ ತೊಟ್ಟ ಆಕಾಶನೀಲಿ ಎಷ್ಟು ತಿಳಿಯಾಗಿತ್ತು, 1939ರಲ್ಲಿ ಇಂಚಿಕೋರ್ ಕಾರ್ಖಾನೆಯಿಂದ ಹೊರಬಂದ ‘ಮೇವ್’ ಎಂಬ ಎಂಜಿನ್ನಿನ ಹಸುರು ಯಾವ ಛಾಯೆಯದು ಎಂಬ ಪ್ರಶ್ನೆಗಳನ್ನು ಅವರು, ನಾವು ಪಂಪನ ಒಂದು ಪಾಠಾಂತರವನ್ನು ಚರ್ಚಿಸುವ ಶ್ರದ್ಧೆಯಿಂದ ಚರ್ಚಿಸುತ್ತಾರೆ. 1964ರಲ್ಲಿ ಹುಟ್ಟಿದ ಅಲ್ಲಿನ ರೈಲ್ವೆ ಸಂರಕ್ಷಣ ಸಂಘದವರು ಆಂಟ್ರಿಂ ಪ್ರಾಂತದ ವೈಟ್‌ಹೆಡ್ ಎಂಬ ಊರಿನಲ್ಲಿ ಹಳೆಯ ಎಂಜಿನ್ನುಗಳನ್ನೂ ಗಾಡಿಗಳನ್ನೂ ಬಿಚ್ಚಿ, ತಿದ್ದಿ, ಬಣ್ಣ ಹಚ್ಚಿ, ಮತ್ತೆ ಹಳಿಯ ಮೇಲೆ ಓಡಿಸುತ್ತ ಬಂದಿದ್ದಾರೆ. ಆ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಅವರ ಬರಹಗಳನ್ನು ಓದುವಾಗಲೆಲ್ಲ ನನ್ನ ಮನಸ್ಸು ಎಂಜಿನ್ನನ್ನು ಬಿಟ್ಟು ಅದರ ಅಡಿಗೆ, ಹಳಿಯ ಕಡೆಗೆ, ಜಾರುತ್ತದೆ.

ಇದಕ್ಕೆ ಕಾರಣವಿದೆ. ನನ್ನ ತಂದೆ ಅರಸೀಕೆರೆಯ ಕಡೆ ಹಳಿಯ ಗ್ಯಾಂಗಿನಲ್ಲಿ ದುಡಿದವರು. ರೈಲು ಬಂದಾಗ ಊರಿನ ಮಕ್ಕಳೆಲ್ಲ ಎಂಜಿನ್ನನ್ನು ನೋಡಿದರೆ, ಅವರು ಸುತ್ತಿಗೆಯನ್ನು ನೆಲಕ್ಕೂರಿ, ದಿಮ್ಮಿಗಳ ಕೆಳಗೆ ಜಲ್ಲಿ ಅಲುಗಿತೇ ಎಂದು ನೋಡುತ್ತಿದ್ದರು. ಓಡುವ ಗಾಡಿಗೆ ಹೆಸರುಂಟು, ಬಣ್ಣವುಂಟು. ಹೊರುವ ನೆಲಕ್ಕೆ ಎರಡೂ ಇಲ್ಲ. ಐರ್ಲೆಂಡಿನ ಆ ನೆಲವನ್ನು ಸಿದ್ಧಗೊಳಿಸಿದವನು ಯಾರೆಂದು ಹುಡುಕುತ್ತ ಹೋದಾಗ ನನಗೆ ಎದುರಾದವನು ವಿಲಿಯಂ ಡಾರ್ಗನ್.

ಡಾರ್ಗನ್ ಹುಟ್ಟಿದ್ದು 1799ರ ಫೆಬ್ರವರಿ 28ರಂದು, ಕಾರ್ಲೋ ಪಟ್ಟಣದ ಸಮೀಪ, ಗೇಣಿ ಹೊಲ ಉಳುವ ರೈತನ ಮನೆಯಲ್ಲಿ. ಲೆಕ್ಕದಲ್ಲಿ ಚುರುಕಾಗಿದ್ದ ಹುಡುಗ ಹೊಲದಿಂದ ಮೋಜಣಿದಾರನೊಬ್ಬನ ಕಚೇರಿಗೆ ಬಂದ. ಊರಿನ ಹಿತೈಷಿಗಳ ನೆರವಿನಿಂದ ಥಾಮಸ್ ಟೆಲ್‌ಫರ್ಡ್ ಎಂಬ ಮಹಾ ಎಂಜಿನಿಯರನ ಬಳಿಗೆ ಸೇರಿ, ವೇಲ್ಸ್ ಪ್ರಾಂತವನ್ನು ಸೀಳಿಕೊಂಡು ಹೋಲಿಹೆಡ್ ಬಂದರಿಗೆ ಹೋಗುವ ಹೆದ್ದಾರಿಯ ಕೆಲಸದಲ್ಲಿ ತರಬೇತು ಪಡೆದ. ತಾಯ್ನಾಡಿಗೆ ಮರಳಿ ಡಬ್ಲಿನ್ನಿನ ಉತ್ತರದಲ್ಲಿ ಹೌತ್ ರೇವಿನ ರಸ್ತೆಯನ್ನು ಮಾಡಿಸಿದ. ಆ ಕೆಲಸದ ಅಚ್ಚುಕಟ್ಟಿಗೆ ಸರ್ಕಾರ ಕೊಟ್ಟ 300 ಪೌಂಡುಗಳ ಬಹುಮಾನವೇ ಆತನ ಮೊದಲ ಬಂಡವಾಳವಾಯಿತು.

ಐರ್ಲೆಂಡಿನ ಮೊದಲ ರೈಲುಮಾರ್ಗ ಡಬ್ಲಿನ್ನಿನಿಂದ ಕಿಂಗ್ಸ್‌ಟೌನ್ ಬಂದರಿಗೆ, ಸುಮಾರು ಆರು ಮೈಲಿ. ಎಂಜಿನಿಯರ್ ಚಾರ್ಲ್ಸ್ ವಿನ್ಯೋಲ್ಸ್, ಗುತ್ತಿಗೆದಾರ ಡಾರ್ಗನ್. 1834ರ ಡಿಸೆಂಬರ್ 17ರಂದು ಜನ ಅದರಲ್ಲಿ ಪ್ರಯಾಣ ಮಾಡಿದರು. ಅಲ್ಲಿಂದ ಮುಂದೆ ದೇಶದಲ್ಲಿ ಕಾಲುವೆಯಾಗಲಿ, ರೇವಾಗಲಿ, ರೈಲಾಗಲಿ, ಆತನ ಕೈ ಸೋಂಕದ ದೊಡ್ಡ ಕಾಮಗಾರಿ ಅಪೂರ್ವವೆನಿಸಿತು. ಬೆಲ್‌ಫಾಸ್ಟಿನಲ್ಲಿ ಹಡಗಿನ ದಾರಿಯನ್ನು ನೇರಗೊಳಿಸಲು ತೋಡಿದ ಕೆಸರನ್ನು ಒಂದೆಡೆ ಸುರಿದಾಗ ಅದೇ ಒಂದು ದ್ವೀಪವಾಯಿತು; ಮುಂದೆ ‘ಟೈಟಾನಿಕ್’ ಹಡಗು ಸಿದ್ಧವಾದದ್ದು ಆ ಮಣ್ಣಿನ ಮೇಲೆ.

ರೈಲುಗಳು ಹೆಚ್ಚಿದಂತೆ ಒಂದು ವಿಚಿತ್ರ ತೊಡಕು ಕಾಣಿಸಿತು. ಕಿಂಗ್ಸ್‌ಟೌನ್ ಹಳಿಗಳ ನಡುವಣ ಅಗಲ 4 ಅಡಿ 8½ ಅಂಗುಲ. ಅಲ್ಸ್ಟರ್ ಕಂಪನಿಯದು 6 ಅಡಿ 2 ಅಂಗುಲ. ಡ್ರೋಹೆಡದ ಮಾರ್ಗದ್ದು 5 ಅಡಿ 2 ಅಂಗುಲ. ಒಬ್ಬರ ಗಾಡಿ ಇನ್ನೊಬ್ಬರ ಹಳಿಗೆ ಸಲ್ಲದು. ಮದರಾಸಿನ ಅಗಲ ಹಳಿಯ ಗಾಡಿಯಿಂದ ಬೆಂಗಳೂರಿನಲ್ಲಿ ಗಂಟುಮೂಟೆ ಇಳಿಸಿ ಮೀಟರ್ ಗೇಜಿನ ಗಾಡಿ ಹತ್ತಿದ ನಮ್ಮ ಹಿರಿಯರಿಗೆ ಈ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊನೆಗೆ 1846ರ ಶಾಸನ 5 ಅಡಿ 3 ಅಂಗುಲವನ್ನು ಐರ್ಲೆಂಡಿನ ಅಳತೆಯೆಂದು ಗೊತ್ತುಮಾಡಿತು. ಯಾರದೂ ಅಲ್ಲದ ಆ ಅಳತೆ ಎಲ್ಲರದೂ ಆಯಿತು.

ಆದರೆ ಆ 1846 ಐರ್ಲೆಂಡಿಗೆ ಹಳಿಯ ಅಗಲವನ್ನು ಅಳೆಯುವ ಕಾಲವಾಗಿರಲಿಲ್ಲ. ಹಿಂದಿನ ವರ್ಷವೇ ಆಲೂಗಡ್ಡೆಯ ಬೆಳೆಗೆ ರೋಗ ಬಿದ್ದಿತ್ತು. ಮಹಾಕ್ಷಾಮ ಕವಿಯಿತು. 1841ರಲ್ಲಿ 80 ಲಕ್ಷಕ್ಕೂ ಮಿಗಿಲಾಗಿದ್ದ ಜನಸಂಖ್ಯೆ 1851ರ ಹೊತ್ತಿಗೆ ಸುಮಾರು 65 ಲಕ್ಷಕ್ಕೆ ಇಳಿಯಿತು. ಸತ್ತವರು ಸತ್ತರು, ಉಳಿದವರಲ್ಲಿ ಲಕ್ಷಾಂತರ ಮಂದಿ ಹಡಗು ಹತ್ತಿದರು. ಈ ವರ್ಷಗಳಲ್ಲಿಯೇ ಡಾರ್ಗನ್ ಡಬ್ಲಿನ್ನಿನಿಂದ ಕಾರ್ಕ್ ನಗರಕ್ಕೆ ಹೋಗುವ ಮಾರ್ಗದ ಬಹುಭಾಗವನ್ನು ಕಟ್ಟಿಸಿದ. ರೈಲು ಕಂಪನಿಗಳ ಬಳಿ ನಗದಿಲ್ಲದಾಗ ಅವುಗಳ ಸಾಲಪತ್ರಗಳನ್ನೂ ಷೇರುಗಳನ್ನೂ ಕೂಲಿಯ ಬದಲಿಗೆ ತಾನು ಸ್ವೀಕರಿಸಿದ. ತನ್ನ ಕೂಲಿಗಳಿಗೆ ಮಾತ್ರ ಹಣವನ್ನೇ ಎಣಿಸಿದ. ಒಳ್ಳೆಯ ಕೂಲಿ ಕೊಡುವ ಧಣಿಯೆಂದು ಆತನಿಗೆ ಹೆಸರಿತ್ತು.

ಇದನ್ನು ದಾನವೆಂದು ಕರೆಯಲು ನಾನು ಹಿಂಜರಿಯುತ್ತೇನೆ. ಡಾರ್ಗನ್ ವ್ಯಾಪಾರಿ, ಆ ಕಾಮಗಾರಿಗಳಿಂದಲೇ ಆತ ಶ್ರೀಮಂತನಾದ. ಹಸಿದವನ ತೋಳು ಅಗ್ಗವಾಗಿ ಸಿಕ್ಕುವ ಕಾಲದಲ್ಲಿ ಅದನ್ನು ಅಗ್ಗಕ್ಕೆ ಕೊಳ್ಳದೆ ಇದ್ದುದು ಆತನ ಹೆಚ್ಚಳ. ಸಾಯುವವನಿಗೆ ಗಂಜಿ ಬೇಕು, ನಿಜ. ಆದರೆ ಗಂಜಿಗಾಗಿ ಬೊಗಸೆಯೊಡ್ಡುವುದಕ್ಕೂ, ಸಂಜೆ ಲೆಕ್ಕ ಹಾಕಿಸಿಕೊಂಡು ಕೂಲಿ ಎಣಿಸಿಕೊಳ್ಳುವುದಕ್ಕೂ ಇರುವ ಅಂತರವೆಷ್ಟೆಂಬುದನ್ನು ಕೂಲಿಯ ಮನೆಯಲ್ಲಿ ಬೆಳೆದವರು ಬಲ್ಲರು.

ಕ್ಷಾಮದ ಬಳಿಕ ಕುಗ್ಗಿದ ನಾಡಿಗೆ ಎದೆಗಾರಿಕೆ ತುಂಬಬೇಕೆಂದು ಡಾರ್ಗನ್ 1853ರಲ್ಲಿ ಡಬ್ಲಿನ್ನಿನಲ್ಲಿ ಕೈಗಾರಿಕಾ ಮಹಾಪ್ರದರ್ಶನವನ್ನು ಏರ್ಪಡಿಸಿದ. ಆ ಹೊತ್ತಿಗೆ ಆತ 600 ಮೈಲಿಗಳಿಗೂ ಹೆಚ್ಚು ರೈಲುಮಾರ್ಗವನ್ನು ಕಟ್ಟಿಸಿದ್ದ. ಪ್ರದರ್ಶನದ ಹೊಣೆಯನ್ನೆಲ್ಲ ಸ್ವಂತ ಹಣದಿಂದ ಹೊತ್ತ. ನೋಡಿದವರ ಎಣಿಕೆ 10 ಲಕ್ಷವನ್ನು ಮೀರಿತು. ಆದರೂ ಸುಮಾರು 20,000 ಪೌಂಡುಗಳ ನಷ್ಟ ಆತನ ಪಾಲಿಗೆ ಬಂದಿತು. ವಿಕ್ಟೋರಿಯಾ ರಾಣಿ ಪ್ರದರ್ಶನವನ್ನು ನೋಡಿದ್ದಲ್ಲದೆ ಮೌಂಟ್ ಆನ್‌ವಿಲ್ ಎಂಬ ಆತನ ಮನೆಗೂ ಬಂದಳು. ಬ್ಯಾರೊನೆಟ್ ಪದವಿಯನ್ನು ಕೊಡಲು ಮುಂದಾದಳು. ಗೇಣಿದಾರನ ಮಗ ಅದನ್ನು ವಿನಯದಿಂದ ನಿರಾಕರಿಸಿದ.

ಬಿರುದನ್ನು ಒಲ್ಲದವನಿಗೆ ನಾಡವರು ಬೇರೆ ಬಗೆಯ ಕಾಣಿಕೆಯನ್ನು ಸಲ್ಲಿಸಿದರು. ಪ್ರದರ್ಶನದ ಚಿತ್ರಶಾಲೆಯಿಂದ ಸ್ಫೂರ್ತಿಗೊಂಡು, ಆತನ ಹೆಸರಿನಲ್ಲಿ ನಿಧಿ ಕೂಡಿಸಿ, ರಾಷ್ಟ್ರೀಯ ಚಿತ್ರಶಾಲೆಗೆ ನಾಂದಿ ಹಾಡಿದರು. 1864ರಲ್ಲಿ ಅದರ ಬಾಗಿಲು ತೆರೆಯಿತು. ಎದುರಿನ ಹುಲ್ಲಿನಂಗಳದಲ್ಲಿ ಶಿಲ್ಪಿ ಥಾಮಸ್ ಫ್ಯಾರೆಲ್ ರೂಪಿಸಿದ ಡಾರ್ಗನ್ನನ ಪ್ರತಿಮೆ ನಿಂತಿತು. ಶಾಲೆಯ ಪಾಠ ರುಚಿಸದ ಬಾಲಕನೊಬ್ಬ ಆ ಚಿತ್ರಶಾಲೆಯಲ್ಲಿ ಅಲೆದಾಡಿ ಬೆಳೆದ. ದೊಡ್ಡವನಾಗಿ, ತನ್ನ ಕೃತಿಗಳ ಗೌರವಧನದಲ್ಲಿ ಮೂರನೆಯ ಒಂದು ಪಾಲನ್ನು ಅದಕ್ಕೆ ಬರೆದಿಟ್ಟ. ಆತನೇ ನಮ್ಮ ತರಗತಿಗಳಿಗೂ ಪರಿಚಿತನಾದ ಬರ್ನಾರ್ಡ್ ಷಾ. ಹಳಿಯ ಗುತ್ತಿಗೆದಾರನಿಂದ ನಾಟಕಕಾರನವರೆಗೆ ಹರಿದ ಈ ಋಣದ ಎಳೆ ನನ್ನಂತಹ ಭಾಷೆಯ ಅಧ್ಯಾಪಕನಿಗೆ ಬಹಳ ಪ್ರಿಯವಾದದ್ದು.

ಮುಂದಿನ ಕಥೆ ಇಳಿಜಾರಿನದು. ದಾರದ ಗಿರಣಿಗೆ ಹೂಡಿದ ಹಣ ಕೈಕೊಟ್ಟಿತು. ಬ್ರೇ ಎಂಬ ಕಡಲೂರನ್ನು ವಿಹಾರಧಾಮವನ್ನಾಗಿ ಬೆಳೆಸಲು ಧಾರಾಳವಾಗಿ ಸುರಿದ. 1866ರಲ್ಲಿ ಕುದುರೆಯಿಂದ ಬಿದ್ದು ಹಾಸಿಗೆ ಹಿಡಿದ. ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದವನು ಮಲಗಿದಾಗ ವ್ಯವಹಾರವೂ ಮಲಗಿತು. ಸಾಲಗಾರರಿಗೆ ಪಾವತಿ ನಿಂತಿತು. 1867ರ ಫೆಬ್ರವರಿ 7ರಂದು ಡಬ್ಲಿನ್ನಿನಲ್ಲಿ ತೀರಿಕೊಂಡ. ಮಕ್ಕಳಿರಲಿಲ್ಲ. ಪತ್ನಿ ಜೇನ್‌ಗೆ ಮೂರು ವರ್ಷಗಳ ಬಳಿಕ ಸರ್ಕಾರ ವರ್ಷಕ್ಕೆ 100 ಪೌಂಡುಗಳ ವೇತನವನ್ನು ಗೊತ್ತುಮಾಡಿತು. ರಾಣಿಯನ್ನು ಮನೆಯಲ್ಲಿ ಬರಮಾಡಿಕೊಂಡ ಗೃಹಿಣಿಗೆ ಕೊನೆಗೆ ಉಳಿದ ಆಸರೆ ಅದು.

ಕಾರ್ಕ್ ನಗರದ ಕೆಂಟ್ ನಿಲ್ದಾಣದಲ್ಲಿ 1847ರಲ್ಲಿ ಸಿದ್ಧವಾದ 36ನೆಯ ನಂಬರಿನ ಎಂಜಿನ್ನನ್ನು ಪೀಠದ ಮೇಲೆ ನಿಲ್ಲಿಸಿದ್ದಾರೆ. ಕ್ಷಾಮಕಾಲದ ಕೂಲಿಗಳು ಹಾಕಿದ ಹಾದಿಯ ಮೇಲೆ ಓಡಿದ ಎಂಜಿನ್ ಅದು. ಡಾರ್ಗನ್ ಕುದುರೆಯಿಂದ ಬಿದ್ದ 1866ರಲ್ಲಿಯೇ ಇನ್ನೊಂದು ಸರಣಿ ಆರಂಭವಾಯಿತು. 1903ರವರೆಗೆ ಆ ಬಗೆಯ 111 ಎಂಜಿನ್ನುಗಳು ಹುಟ್ಟಿದವು. ಅವುಗಳಲ್ಲಿ ಎರಡನ್ನು, 184 ಮತ್ತು 186ನ್ನು, ಅಭಿಮಾನಿಗಳು ಕಾಪಾಡಿಕೊಂಡಿದ್ದಾರೆ. ಅವುಗಳ ಮೈಬಣ್ಣ ಬೂದಿಯೋ ಕಪ್ಪೋ ಹಸುರೋ ಎಂಬ ವಾದ ನಡೆಯಲಿ, ವಾದವಿರುವಲ್ಲಿ ಪ್ರೀತಿಯಿರುತ್ತದೆ. ಡಬ್ಲಿನ್ನಿನಲ್ಲಿಯೂ ಬೆಲ್‌ಫಾಸ್ಟಿನಲ್ಲಿಯೂ ಒಂದೊಂದು ರೈಲು ಸೇತುವೆಗೆ ಡಾರ್ಗನ್ನನ ಹೆಸರಿಟ್ಟಿದ್ದಾರೆ. ಅದೂ ಉಚಿತವೇ.

ಆದರೆ ಆತನೊಡನೆ ಗುದ್ದಲಿ ಹಿಡಿದ ಸಾವಿರಾರು ಮಂದಿಗೆ ಹೆಸರಿನ ಸೇತುವೆಯಿಲ್ಲ, ಪ್ರತಿಮೆಯಿಲ್ಲ. ಡಾರ್ಗನ್ನನ ಹಿರಿಮೆಯನ್ನು ನಾನು ಅವರಿಂದಲೇ ಅಳೆಯುತ್ತೇನೆ: ಹಸಿವಿನ ವರ್ಷಗಳಲ್ಲಿ ಆ ಕೆಲಸದ ಸಂಜೆಗಳಲ್ಲಿ ಅವರು ಬರಿಗೈಯಲ್ಲಿ ಮನೆಗೆ ಹೋಗಲಿಲ್ಲ. ನನ್ನ ತಂದೆಯ ಸುತ್ತಿಗೆ ಈಗಲೂ ನಮ್ಮ ಮನೆಯ ಮೂಲೆಯಲ್ಲಿದೆ. ಅದಕ್ಕೆ ಬಣ್ಣ ಬಳಿಯಬೇಕೆಂದು ನನಗೆ ಎಂದೂ ಅನ್ನಿಸಿಲ್ಲ. ಅದರ ಹಿಡಿ ಅವರ ಅಂಗೈ ತಗುಲಿ ತಗುಲಿ ನುಣುಪಾಗಿದೆ, ಅಷ್ಟು ಸಾಕು.