ತರಗತಿ ಸಿಗದ ಮೇಷ್ಟ್ರು: ಆಂದ್ರೆ ಬಾಜಾನ್

ಸಿನಿಮಾ ನೋಡಿ ಬಂದವರನ್ನು ನಾವು ಕೇಳುವುದು ಒಂದೇ ಪ್ರಶ್ನೆ, ಹೇಗಿತ್ತು ಎಂದು. ಉತ್ತರವೂ ಹೆಚ್ಚಾಗಿ ಒಂದೇ ಪದದ್ದು: ಸೂಪರ್, ಇಲ್ಲವೇ ಬೋರು. ಅದಕ್ಕಿಂತ ಹೆಚ್ಚು ಮಾತಾಡಬಹುದು, ಒಂದು ಒಳ್ಳೆಯ ಕಾದಂಬರಿಯ ಬಗ್ಗೆ ಯೋಚಿಸಿದಷ್ಟೇ ಗಂಭೀರವಾಗಿ ಸಿನಿಮಾದ ಬಗ್ಗೆಯೂ ಯೋಚಿಸಬಹುದು ಎಂದು ತೋರಿಸಿಕೊಟ್ಟವರಲ್ಲಿ ಫ್ರಾನ್ಸಿನ ಆಂದ್ರೆ ಬಾಜಾನ್ ಪ್ರಮುಖರು. ಅವರ ಬಗ್ಗೆ ಬರೆಯಲು ನನಗೆ ಇನ್ನೊಂದು ಕಾರಣವೂ ಇದೆ. ಬಾಜಾನರಿಗೆ ಮಾತು ತೊದಲುತ್ತಿತ್ತು. ನನಗೂ ತೊದಲುತ್ತದೆ.

ಬಾಜಾನ್ ಹುಟ್ಟಿದ್ದು 1918ರ ಏಪ್ರಿಲ್ 18ರಂದು, ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ. ಓದಿನಲ್ಲಿ ಬುದ್ಧಿವಂತ ಹುಡುಗ. ಶಿಕ್ಷಕನಾಗಬೇಕೆಂಬುದು ಅವರ ಆಸೆ. ಅದಕ್ಕಾಗಿ ಪ್ಯಾರಿಸ್ ಬಳಿಯ ಸ್ಯಾಂ-ಕ್ಲೂದಲ್ಲಿದ್ದ ಹೆಸರಾಂತ ಶಿಕ್ಷಕರ ಕಾಲೇಜು ಸೇರಿದರು. ಆದರೆ 1941ರ ಮೌಖಿಕ ಪರೀಕ್ಷೆಯಲ್ಲಿ ತೊದಲು ಅಡ್ಡ ಬಂತು, ಅವರಿಗೆ ಅಧ್ಯಾಪಕ ಹುದ್ದೆ ಸಿಗಲಿಲ್ಲ.

ಈ ಭಾಗ ಓದುವಾಗ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ವೈವಾ ಇದ್ದರೆ ಹಿಂದಿನ ರಾತ್ರಿ ನನಗೆ ನಿದ್ದೆ ಬರುವುದಿಲ್ಲ. ಉತ್ತರ ಗೊತ್ತಿರುತ್ತದೆ, ಮೊದಲ ಅಕ್ಷರ ಬಾಯಿಂದ ಹೊರಡುವುದಿಲ್ಲ. ನನಗೂ ಮೇಷ್ಟ್ರಾಗುವ ಆಸೆ. ಮಾತು ಸರಿಯಾಗಿ ಬಾರದವನಿಗೆ ಆ ಕೆಲಸ ಯಾಕೆ ಎಂದು ಕೇಳಿದವರಿದ್ದಾರೆ. ಹಾಗಾಗಿ ಬಾಜಾನ್ ಮುಂದೇನು ಮಾಡಿದರು ಎಂದು ತಿಳಿಯುವ ಅವಸರ ನನಗಿತ್ತು.

ಆಗ ಎರಡನೇ ಮಹಾಯುದ್ಧದ ಕಾಲ. ಪ್ಯಾರಿಸ್ ಜರ್ಮನ್ ಸೇನೆಯ ವಶದಲ್ಲಿತ್ತು. ಅಂಥ ದಿನಗಳಲ್ಲಿ ಬಾಜಾನ್ ವಿದ್ಯಾರ್ಥಿಗಳಿಗಾಗಿ ಸಿನಿ ಕ್ಲಬ್ ನಡೆಸಿದರು. ಯುದ್ಧ ಮುಗಿದ ಮೇಲೆ ದುಡಿಮೆ ಮತ್ತು ಸಂಸ್ಕೃತಿ ಎಂಬ ಅರ್ಥದ ಹೆಸರಿನ ಸಂಸ್ಥೆಯೊಂದನ್ನು ಸೇರಿ, ಕಾರ್ಖಾನೆಗಳಿಗೆ, ಕಾರ್ಮಿಕ ಸಂಘಗಳಿಗೆ ಸಿನಿಮಾ ಒಯ್ದರು. ಚಿತ್ರ ತೋರಿಸಿ, ನೆರೆದವರ ಮುಂದೆ ನಿಂತು, ತೊದಲುತ್ತಲೇ ಅದರ ಬಗ್ಗೆ ಮಾತಾಡುತ್ತಿದ್ದರು. ಜನ ಕೇಳುತ್ತಿದ್ದರು.

ಅವರು ಹೇಳಿಕೊಟ್ಟದ್ದೇನು? ಒಂದು ಉದಾಹರಣೆ ಸಾಕು. ಕೆಲವು ನಿರ್ದೇಶಕರು ದೃಶ್ಯವನ್ನು ತುಂಡು ತುಂಡು ಮಾಡಿ, ಈಗ ಇದನ್ನು ನೋಡು, ಈಗ ಅಳು ಎಂದು ನಮ್ಮ ಕಣ್ಣನ್ನು ಎಳೆದೊಯ್ಯುತ್ತಾರೆ. ಇನ್ನು ಕೆಲವರು ಹತ್ತಿರದ್ದೂ ದೂರದ್ದೂ ಸ್ಪಷ್ಟವಾಗಿ ಕಾಣುವಂತೆ, ಕತ್ತರಿಸದೆ, ದೀರ್ಘವಾಗಿ ತೋರಿಸುತ್ತಾರೆ. ಎಲ್ಲಿ ನೋಡಬೇಕೆಂದು ನಾವೇ ಆರಿಸಿಕೊಳ್ಳಬೇಕು. ಈ ಎರಡನೆಯ ಬಗೆಯಲ್ಲಿ ಪ್ರೇಕ್ಷಕನಿಗೆ ಗೌರವವಿದೆ ಎಂಬುದು ಬಾಜಾನರ ನಿಲುವು. ಇಟಲಿಯ ಡಿ ಸಿಕಾ 1948ರಲ್ಲಿ ಮಾಡಿದ ಬೈಸಿಕಲ್ ಥೀವ್ಸ್ ಅವರಿಗೆ ಬಹಳ ಪ್ರಿಯ. ಅದರಲ್ಲಿ ಕಳೆದ ಸೈಕಲ್ ಹುಡುಕುತ್ತಾ ಅಪ್ಪ ಮಗ ರೋಮ್ ನಗರದಲ್ಲಿ ಅಲೆಯುತ್ತಾರೆ. ಆ ಹುಡುಗ ಅಪ್ಪನ ಜೊತೆ ಹೆಜ್ಜೆ ಹಾಕುವ ರೀತಿಯಲ್ಲೇ ಎಷ್ಟೊಂದು ಕಥೆ ಇದೆ ಎಂದು ಬಾಜಾನ್ ಗಮನಿಸಿದ್ದರು.

1951ರಲ್ಲಿ ಅವರು ಗೆಳೆಯರ ಜೊತೆ ಸೇರಿ ಕಾಯೆ ದು ಸಿನೆಮಾ ಎಂಬ ಪತ್ರಿಕೆ ಕಟ್ಟಿದರು. ಹಳದಿ ಹೊದಿಕೆಯ ಈ ಮಾಸಿಕದಲ್ಲಿ ಬರೆಯುತ್ತಿದ್ದ ತ್ರುಫೊ, ಗೊದಾರ್, ರೊಮೇರ್ ಮುಂತಾದ ಯುವಕರು ಮುಂದೆ ತಾವೇ ದೊಡ್ಡ ನಿರ್ದೇಶಕರಾದರು. ಅವರ ಹಲವು ವಾದಗಳನ್ನು ಬಾಜಾನ್ ಒಪ್ಪುತ್ತಿರಲಿಲ್ಲ. ಆದರೂ ಅವರ ಬರಹಗಳಿಗೆ ಜಾಗ ಕೊಟ್ಟರು, ತಮ್ಮ ಭಿನ್ನಾಭಿಪ್ರಾಯವನ್ನೂ ಅದೇ ಪತ್ರಿಕೆಯಲ್ಲಿ ಬರೆದರು.

ತ್ರುಫೊ ಕಥೆಯನ್ನು ಹೇಳದಿದ್ದರೆ ಈ ಲೇಖನ ಪೂರ್ತಿಯಾಗುವುದಿಲ್ಲ. ಹದಿನಾರರ ಆ ಹುಡುಗ ಶಾಲೆ ಬಿಟ್ಟು, ಸಿನಿ ಕ್ಲಬ್ ನಡೆಸಲು ಹೋಗಿ ಸಾಲ ಮಾಡಿಕೊಂಡಿದ್ದ. ಅಪ್ಪನೇ ಅವನನ್ನು ಪೊಲೀಸರಿಗೆ ಒಪ್ಪಿಸಿದರು. ಬಾಲಾಪರಾಧಿಗಳ ಕೇಂದ್ರದಿಂದ ಅವನನ್ನು ಬಿಡಿಸಿ ಕೆಲಸ ಕೊಟ್ಟವರು ಬಾಜಾನ್. ಮುಂದೆ ಸೈನ್ಯ ಸೇರಿ, ಅಲ್ಲಿಂದ ತಪ್ಪಿಸಿಕೊಂಡು ಜೈಲು ಸೇರಿದಾಗಲೂ ಅವನ ಪರವಾಗಿ ಓಡಾಡಿದರು. ಹೆಂಡತಿ, ಪುಟ್ಟ ಮಗನಿದ್ದ ತಮ್ಮ ಮನೆಯಲ್ಲೇ ಅವನಿಗೆ ಆಶ್ರಯ ಕೊಟ್ಟರು.

ಬಾಜಾನರ ಆರೋಗ್ಯ ಮಾತ್ರ ಕೈಕೊಟ್ಟಿತ್ತು. ಮೊದಲು ಕ್ಷಯ, ಆಮೇಲೆ ರಕ್ತದ ಕ್ಯಾನ್ಸರ್. 1958ರ ನವೆಂಬರ್ 11ರಂದು, 40ನೇ ವಯಸ್ಸಿನಲ್ಲಿ ತೀರಿಕೊಂಡರು. ಅದರ ಹಿಂದಿನ ದಿನವಷ್ಟೇ ತ್ರುಫೊ ತಮ್ಮ ಮೊದಲ ಪೂರ್ಣಪ್ರಮಾಣದ ಚಿತ್ರ 400 ಬ್ಲೋಸ್‌ನ ಚಿತ್ರೀಕರಣ ಆರಂಭಿಸಿದ್ದರು. ಯಾರಿಗೂ ಬೇಡವಾದ ಹುಡುಗನೊಬ್ಬನ ಆ ಕಥೆಯನ್ನು ಬಾಜಾನರಿಗೇ ಅರ್ಪಿಸಿದರು. ಸಿನಿಮಾ ಎಂದರೇನು ಎಂಬ ಹೆಸರಿನಲ್ಲಿ ಬಾಜಾನರ ಲೇಖನಗಳು 4 ಸಂಪುಟಗಳಾಗಿ ಬಂದವು. ಇಂದಿಗೂ ಸಿನಿಮಾ ಓದುವವರು ಅವನ್ನು ಓದುತ್ತಾರೆ.

ನಮ್ಮ ನಾಡಿನಲ್ಲೂ ಇಂಥ ಕೆಲಸ ನಡೆದಿದೆ. ಸಾಗರದ ಬಳಿಯ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೀನಾಸಂ ಹಳ್ಳಿಯ ಜನರಿಗೆ ಜಗತ್ತಿನ ಒಳ್ಳೆಯ ಚಿತ್ರಗಳನ್ನು ತೋರಿಸಿ ಚರ್ಚೆ ಮಾಡಿಸಿತು. ಬೆಂಗಳೂರಿನಲ್ಲಿ 1971ರಲ್ಲಿ ಸುಚಿತ್ರಾ ಫಿಲ್ಮ್ ಸೊಸೈಟಿ ಶುರುವಾಯಿತು.

ಮೌಖಿಕ ಪರೀಕ್ಷೆ ಬಾಜಾನರ ನಾಲಿಗೆಯನ್ನು ಅಳೆಯಿತು, ಅವರೊಳಗಿದ್ದ ಮೇಷ್ಟ್ರನ್ನು ಅಳೆಯಲಿಲ್ಲ. ತರಗತಿ ಸಿಗದಿದ್ದರೂ ಅವರು ಪಾಠ ಮಾಡುವುದನ್ನು ನಿಲ್ಲಿಸಲಿಲ್ಲ. ನಮ್ಮ ಕಾಲೇಜಿನಲ್ಲೂ ಒಂದು ಶನಿವಾರ ಮಧ್ಯಾಹ್ನ ಬೈಸಿಕಲ್ ಥೀವ್ಸ್ ನೋಡಿ, ಕುಳಿತು ಮಾತಾಡೋಣ ಎಂಬುದು ನನ್ನ ಕೋರಿಕೆ. ಚರ್ಚೆಯಲ್ಲಿ ಮೊದಲು ನಾನೇ ಮಾತಾಡುತ್ತೇನೆ. ಮೊದಲ ಅಕ್ಷರ ಬರಲು ಸ್ವಲ್ಪ ತಡವಾಗಬಹುದು, ದಯವಿಟ್ಟು ಕಾಯಿರಿ.