ನೆತ್ತರಿನಲ್ಲಿ ಕಂಡ ಜೀವಿ

ಚಳಿಜ್ವರವು ಕೆಟ್ಟ ಗಾಳಿಯಿಂದ ಬರುತ್ತದೆಂದು ಜನರು ಶತಮಾನಗಳ ಕಾಲ ನಂಬಿದ್ದರು. ಮಲೇರಿಯ ಎಂಬ ಇಟಾಲಿಯನ್ ಹೆಸರಿನ ಅರ್ಥವೇ ಅದು. ರೋಗದ ಮೂಲವನ್ನು ಜೌಗುನೆಲದಲ್ಲಿ ಹುಡುಕದೆ ರೋಗಿಯ ನೆತ್ತರಿನಲ್ಲಿ ಕಂಡವನು ಫ್ರೆಂಚ್ ಸೇನಾವೈದ್ಯನಾದ ಆಲ್ಫೋನ್ಸ್ ಲವೆರಾನ್.

ಲವೆರಾನನು 1845ರಲ್ಲಿ ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆಯೂ ಸೇನಾವೈದ್ಯನೇ. ಸ್ಟ್ರಾಸ್‌ಬರ್ಗ್‌ನಲ್ಲಿ ವೈದ್ಯಶಿಕ್ಷಣ ಮುಗಿಸಿ ಸೈನ್ಯವನ್ನು ಸೇರಿದ ಅವನನ್ನು 1878ರಲ್ಲಿ ಆಲ್ಜೀರಿಯಕ್ಕೆ ಕಳುಹಿಸಲಾಯಿತು. ಅಲ್ಲಿನ ಸೇನಾ ಆಸ್ಪತ್ರೆಗಳಲ್ಲಿ ಜ್ವರದಿಂದ ನಡುಗುವ ಸೈನಿಕರೇ ತುಂಬಿದ್ದರು. ಸತ್ತವರ ಶವಪರೀಕ್ಷೆ ಮಾಡುವಾಗ ಅವರ ಅಂಗಾಂಗಗಳಲ್ಲಿ ಕಪ್ಪು ಕಣಗಳು ಕಾಣುತ್ತಿದ್ದವು. ಈ ಕಣಗಳು ಹೊಸವೇನಲ್ಲ; ಹಿಂದಿನ ವೈದ್ಯರೂ ಅವನ್ನು ಕಂಡಿದ್ದರು. ಇವು ಮಲೇರಿಯಕ್ಕೇ ವಿಶಿಷ್ಟವಾದುವೇ, ಬೇರೆ ರೋಗಗಳಲ್ಲಿಯೂ ಇರುವುವೇ ಎಂಬುದಷ್ಟೇ ಲವೆರಾನನ ಪ್ರಶ್ನೆಯಾಗಿತ್ತು. ಅದಕ್ಕಾಗಿ ಅವನು ಜೀವಂತ ರೋಗಿಗಳ ರಕ್ತವನ್ನು ಪರೀಕ್ಷಿಸತೊಡಗಿದನು.

1880ರ ನವೆಂಬರ್ 6ರಂದು, ಕಾನ್‌ಸ್ಟಂಟೈನ್ ನಗರದ ಸೇನಾ ಆಸ್ಪತ್ರೆಯಲ್ಲಿ, ಒಬ್ಬ ಸೈನಿಕನ ರಕ್ತದ ಹನಿಯನ್ನು ಅವನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುತ್ತಿದ್ದನು. ಕಪ್ಪು ಕಣಗಳಿಂದ ಕೂಡಿದ ಒಂದು ಗುಂಡಾದ ಕಾಯದ ಅಂಚಿನಿಂದ ತೆಳುವಾದ ಎಳೆಗಳು ಹೊರಚಾಚಿ, ಚಾಟಿಯಂತೆ ಬೀಸಾಡುತ್ತ, ನೆರೆಯ ಕೆಂಪು ರಕ್ತಕಣಗಳನ್ನು ತಳ್ಳುತ್ತಿದ್ದವು! ನಿರ್ಜೀವ ಕಣಗಳು ಹೀಗೆ ಚಲಿಸುವುದುಂಟೆ? ಕಪ್ಪು ಕಣಗಳನ್ನು ಹುಡುಕಲು ಹೊರಟವನಿಗೆ ಜೀವಿಯೇ ಎದುರಾಗಿತ್ತು. ರಕ್ತವು ದೇಹದಿಂದ ಹೊರಬಂದು ತಣ್ಣಗಾದ ಕೆಲವು ನಿಮಿಷಗಳ ಮೇಲಷ್ಟೇ ಈ ಚಲನೆ ಆರಂಭವಾಗುತ್ತದೆ. ಒಣಗಿಸಿದ ರಕ್ತದಲ್ಲಿ ಅದು ಕಾಣುವಂತೆಯೇ ಇಲ್ಲ. ಹಸಿ ರಕ್ತವನ್ನು ತಾಳ್ಮೆಯಿಂದ ನೋಡುತ್ತ ಕುಳಿತುದೇ ಅವನ ಭಾಗ್ಯವಾಯಿತು.

ಅದೇ ತಿಂಗಳು ಪ್ಯಾರಿಸ್ಸಿನ ವೈದ್ಯಕೀಯ ಅಕಾಡೆಮಿಗೆ ವರದಿ ತಲುಪಿತು. ಆದರೆ ವಿದ್ವಾಂಸರು ಒಪ್ಪಲಿಲ್ಲ. ರೋಮ್ ಬಳಿಯ ಜೌಗುಮಣ್ಣಿನಲ್ಲಿ ಮಲೇರಿಯದ ಬ್ಯಾಕ್ಟೀರಿಯ ದೊರೆಯಿತೆಂದು 1879ರಲ್ಲಿಯೇ ಇಬ್ಬರು ಹೆಸರಾಂತ ಸಂಶೋಧಕರು ಸಾರಿದ್ದರು. ಲವೆರಾನನು ಕಂಡುದು ಕೆಟ್ಟುಹೋದ ರಕ್ತಕಣಗಳೇ ಹೊರತು ಬೇರೇನಲ್ಲವೆಂದು ಹಲವರು ತಳ್ಳಿಹಾಕಿದರು. ಅವನು ವಾದಕ್ಕೆ ನಿಲ್ಲದೆ ಮತ್ತಷ್ಟು ರಕ್ತವನ್ನು ನೋಡಿದನು. 192 ರೋಗಿಗಳಲ್ಲಿ 148 ಮಂದಿಯಲ್ಲಿ ಆ ಜೀವಿ ಕಂಡಿತು. ಕ್ವಿನೈನ್ ಕೊಟ್ಟ ಮೇಲೆ ಮಾಯವಾಯಿತು. 1882ರಲ್ಲಿ ರೋಮ್ ನಗರಕ್ಕೇ ಹೋಗಿ ಅಲ್ಲಿನ ರೋಗಿಗಳಲ್ಲಿಯೂ ಅದನ್ನು ಕಂಡನು. ಲೂಯಿ ಪಾಶ್ಚರನಿಗೆ 1884ರಲ್ಲಿ ನಂಬಿಕೆ ಹುಟ್ಟಿತು.

ಈ ಪರೋಪಜೀವಿಯು ಒಬ್ಬರಿಂದೊಬ್ಬರಿಗೆ ಹೇಗೆ ಸಾಗುತ್ತದೆ? ಸೊಳ್ಳೆಯ ಮೇಲೆ ಲವೆರಾನನಿಗೆ ಸಂದೇಹವಿತ್ತು. ಅದಕ್ಕೆ ಆಧಾರ ದೊರೆತುದು ನಮ್ಮ ದೇಶದ ಸಿಕಂದರಾಬಾದಿನಲ್ಲಿ, 1897ರಲ್ಲಿ. ಸೊಳ್ಳೆಯ ಜಠರದಲ್ಲಿ ಈ ಜೀವಿಯನ್ನು ಕಂಡ ರೊನಾಲ್ಡ್ ರಾಸನೂ ಮೊದಲು ಲವೆರಾನನ ಮಾತನ್ನು ನಂಬದಿದ್ದವನೇ!

ಸಂಶೋಧನೆಗೆ ಅವಕಾಶವಿಲ್ಲದ ಸೇನೆಯ ಕೆಲಸವನ್ನು ಲವೆರಾನನು 1896ರಲ್ಲಿ ತೊರೆದು ಪಾಶ್ಚರ್ ಸಂಸ್ಥೆಯನ್ನು ಸೇರಿದನು. 1907ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ, ಅದರ ಅರ್ಧ ಹಣವನ್ನು ಉಷ್ಣವಲಯದ ರೋಗಗಳ ಪ್ರಯೋಗಾಲಯಕ್ಕಾಗಿ ಆ ಸಂಸ್ಥೆಗೇ ಕೊಟ್ಟನು. 1922ರಲ್ಲಿ ಪ್ಯಾರಿಸ್ಸಿನಲ್ಲಿ ನಿಧನನಾದನು.