ಕಿತ್ತೂರು ಚೆನ್ನಮ್ಮ

ಕಿತ್ತೂರು ಚೆನ್ನಮ್ಮ (1778 – ಫೆಬ್ರವರಿ 1829) ಇಂದಿನ ಬೆಳಗಾವಿ ಜಿಲ್ಲೆಯಲ್ಲಿದ್ದ ಕಿತ್ತೂರು ಸಂಸ್ಥಾನದ ರಾಣಿ. ಕಿತ್ತೂರಿನ ದೇಸಾಯಿ ಮಲ್ಲಸರ್ಜನ ಎರಡನೆಯ ಪತ್ನಿಯಾಗಿದ್ದ ಇವರು, ದತ್ತುಪುತ್ರನ ಹಕ್ಕನ್ನು ಈಸ್ಟ್ ಇಂಡಿಯಾ ಕಂಪನಿ ಒಪ್ಪದಿದ್ದಾಗ ಮೊದಲು ಪತ್ರಗಳ ಮೂಲಕ ವಾದ ಮಂಡಿಸಿದರು. ಅದು ಫಲಿಸದೆ ಹೋದಾಗ 1824ರಲ್ಲಿ ಶಸ್ತ್ರ ಹಿಡಿದರು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೇನೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಪಡೆಯನ್ನು ಸೋಲಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕೋಟೆ ಕಂಪನಿಯ ವಶವಾಯಿತು. ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದಾಗಲೇ ನಿಧನರಾದರು.

ಜನನ ಮತ್ತು ವಿವಾಹ

ಚೆನ್ನಮ್ಮ ಬೆಳಗಾವಿಗೆ ಸಮೀಪದ ಕಾಕತಿ ಗ್ರಾಮದ ದೇಸಾಯಿ ಮನೆತನದಲ್ಲಿ ಜನಿಸಿದರು. ತಂದೆ ಧೂಳಪ್ಪಗೌಡ. ಕುದುರೆ ಸವಾರಿ, ಕತ್ತಿವರಸೆ ಮತ್ತು ಬಿಲ್ಲುವಿದ್ಯೆಗಳನ್ನು ಅವರು ಬಾಲ್ಯದಲ್ಲಿಯೇ ಕಲಿತರೆಂದು ಪ್ರತೀತಿ. ಬೇಟೆಯ ಸಂದರ್ಭವೊಂದರಲ್ಲಿ ಮಲ್ಲಸರ್ಜನು ಅವರನ್ನು ಕಂಡು ಮೆಚ್ಚಿ ವರಿಸಿದನೆಂಬ ಕಥೆ ಜನಪದದಲ್ಲಿ ಪ್ರಚಲಿತವಾಗಿದೆ. ಮಲ್ಲಸರ್ಜನ ಹಿರಿಯ ಪತ್ನಿ ರುದ್ರಮ್ಮ. ಚೆನ್ನಮ್ಮನವರಿಗೆ ಜನಿಸಿದ ಮಗ ಬಹುಕಾಲ ಬದುಕಲಿಲ್ಲ. ಮುಂದೆ ಪಟ್ಟಕ್ಕೆ ಬಂದವನು ರುದ್ರಮ್ಮನವರ ಮಗ ಶಿವಲಿಂಗರುದ್ರಸರ್ಜ.

ಕಿತ್ತೂರು ಸಂಸ್ಥಾನದ ಸ್ಥಿತಿ

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಘಟಪ್ರಭಾ ಮತ್ತು ಮಲಪ್ರಭಾ ನದಿಗಳ ಸೀಮೆಯಲ್ಲಿ ಯಾವುದೇ ಒಂದು ಅಧಿಕಾರ ಸ್ಥಿರವಾಗಿರಲಿಲ್ಲ. ಇಂದಿನ ಗೋಕಾಕ, ಹುಕ್ಕೇರಿ ಮತ್ತು ಮೂಡಲಗಿ ತಾಲ್ಲೂಕುಗಳ ಸುತ್ತಲಿನ ಪ್ರದೇಶದ ಮೇಲೆ ಪುಣೆಯ ಪೇಶ್ವೆ, ಪಟವರ್ಧನ ಸರದಾರರು, ಕೊಲ್ಹಾಪುರದ ಛತ್ರಪತಿ ಹಾಗೂ ನಿಪ್ಪಾಣಿಯ ದೇಸಾಯಿ ಬೇರೆ ಬೇರೆ ಕಾಲಗಳಲ್ಲಿ ಹಕ್ಕು ಸಾಧಿಸುತ್ತಿದ್ದರು. ಪರಗಣಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಆದರೆ ಊರೂರುಗಳಲ್ಲಿ ಕಂದಾಯ ಎತ್ತುವ ವಂಶಪಾರಂಪರ್ಯದ ದೇಸಾಯಿ ಮನೆತನಗಳು ಮಾತ್ರ ಉಳಿದುಕೊಂಡು ಬಂದಿದ್ದವು. ಮೇಲಿನ ಒಡೆಯ ಬದಲಾದಾಗಲೆಲ್ಲ ಹಳೆಯ ಸನದನ್ನು ಮುಂದಿಟ್ಟು ಹೊಸ ಸನದು ಪಡೆಯುವುದೇ ಈ ಮನೆತನಗಳ ರಾಜಕಾರಣದ ಮುಖ್ಯ ಭಾಗವಾಗಿತ್ತು. ಸರ್ಕಾರಿ ವ್ಯವಹಾರ ಬಹುಮಟ್ಟಿಗೆ ಮೋಡಿ ಲಿಪಿಯ ಮರಾಠಿಯಲ್ಲಿ ನಡೆಯುತ್ತಿತ್ತು. ಸಂಸ್ಥಾನಗಳ ಪರವಾಗಿ ಮಾತನಾಡಲು ವಕೀಲರು ಪುಣೆಯಂತಹ ಸ್ಥಳಗಳಲ್ಲಿ ನೆಲೆಸಿರುತ್ತಿದ್ದರು.

ಕಿತ್ತೂರು ಇಂತಹ ದೇಸಗತಿಗಳಲ್ಲಿ ಬಲಿಷ್ಠವಾದದ್ದು. 1785ರ ಸುಮಾರಿಗೆ ಟಿಪ್ಪು ಸುಲ್ತಾನನ ಸೇನೆ ಅದನ್ನು ಆಕ್ರಮಿಸಿತು. ಮಲ್ಲಸರ್ಜನು ಸೆರೆಯಾಗಿ, ಬಳಿಕ ತಪ್ಪಿಸಿಕೊಂಡು ಬಂದು ಸಂಸ್ಥಾನವನ್ನು ಮತ್ತೆ ಕಟ್ಟಿದನು. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಬಂದ ಆರ್ಥರ್ ವೆಲ್ಲೆಸ್ಲಿ ಕಿತ್ತೂರಿನ ಬಳಿ ಬಿಡಾರ ಹೂಡಿದ್ದನು. ಅವನ ಪತ್ರಗಳಲ್ಲಿ ಕಿತ್ತೂರಿನ ಅರಸನ ಉಲ್ಲೇಖವಿದೆ. ಕಂಪನಿಯ ಅಧಿಕಾರಿಗಳಿಗೂ ಕಿತ್ತೂರಿಗೂ ಹೀಗೆ ಬೆಳೆದ ಪರಿಚಯದಲ್ಲಿ ಕಿತ್ತೂರು ಶತ್ರುವಿನ ಸ್ಥಾನದಲ್ಲಿರಲಿಲ್ಲ.

1809ರ ಒಪ್ಪಂದದ ಪ್ರಕಾರ ಕಿತ್ತೂರು ಪೇಶ್ವೆ ಎರಡನೆಯ ಬಾಜಿರಾಯನಿಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಡಬೇಕಾಯಿತು. ಆದರೂ ಪೇಶ್ವೆಯ ಸಂಶಯ ತೀರಲಿಲ್ಲ. ಮಲ್ಲಸರ್ಜನನ್ನು ಪುಣೆಯಲ್ಲಿ ಬಂಧನದಲ್ಲಿಡಲಾಯಿತು. ಅಲ್ಲಿ ಆರೋಗ್ಯ ಕೆಟ್ಟು ಅವನು 1816ರಲ್ಲಿ ತೀರಿಕೊಂಡನು.

ಮನ್ರೋ ಸನದು

ಮಲ್ಲಸರ್ಜನ ನಂತರ ಶಿವಲಿಂಗರುದ್ರಸರ್ಜನು ಪಟ್ಟಕ್ಕೆ ಬಂದನು. ಮರುವರ್ಷವೇ ಮೂರನೆಯ ಆಂಗ್ಲೋ–ಮರಾಠಾ ಯುದ್ಧ ಆರಂಭವಾಯಿತು. ದಕ್ಷಿಣ ಮರಾಠಾ ಪ್ರದೇಶದಲ್ಲಿ ಕಂಪನಿಯ ಕಾರ್ಯಾಚರಣೆಯನ್ನು ಥಾಮಸ್ ಮನ್ರೋ ನಡೆಸಿದನು. 1818ರ ಮಾರ್ಚ್–ಏಪ್ರಿಲ್ ತಿಂಗಳಲ್ಲಿ ಬೆಳಗಾವಿ ಕೋಟೆಯ ಮುತ್ತಿಗೆ ನಡೆದಾಗ ಕಿತ್ತೂರು ಅವನಿಗೆ ನೆರವಾಯಿತು. ಅದಕ್ಕೆ ಪ್ರತಿಯಾಗಿ ಮನ್ರೋ ದೇಸಾಯಿಯ ಆಡಳಿತವನ್ನು ಮುಂದುವರಿಸುವ ಸನದು ನೀಡಿದನು. ಕಪ್ಪ ಸಲ್ಲಬೇಕಾದ ಒಡೆಯ ಮಾತ್ರ ಬದಲಾಗಿದ್ದನು.

ಮುಂದಿನ ವಿವಾದದ ಬೀಜ ಈ ಸನದಿನ ಅರ್ಥದಲ್ಲಿಯೇ ಇತ್ತು. ಕಿತ್ತೂರಿನ ದೃಷ್ಟಿಯಲ್ಲಿ ಅದು ಎರಡು ಸರ್ಕಾರಗಳ ನಡುವಿನ ಸ್ನೇಹದ ಒಪ್ಪಂದ. ದತ್ತು ತೆಗೆದುಕೊಳ್ಳುವುದು ಧರ್ಮ ಮತ್ತು ಸಂಪ್ರದಾಯಕ್ಕೆ ಸೇರಿದ ಮನೆಯ ವಿಷಯ. ಕಂಪನಿಯ ಅಧಿಕಾರಿಗಳ ದೃಷ್ಟಿಯಲ್ಲಿ ಅದು ಮೇಲಿನ ಸರ್ಕಾರ ಅಧೀನ ಜಮೀನುದಾರನಿಗೆ ಕೊಟ್ಟ ಅನುಗ್ರಹ. ನೇರ ವಾರಸುದಾರನಿಲ್ಲದಿದ್ದರೆ ದತ್ತಕಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು. ಇಲ್ಲವಾದರೆ ಸಂಸ್ಥಾನ ಸರ್ಕಾರಕ್ಕೆ ಮರಳುತ್ತದೆ. ಡಾಲ್‌ಹೌಸಿಯ ಹೆಸರಿನೊಡನೆ ಪ್ರಸಿದ್ಧವಾದ ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿ 1848ರಲ್ಲಿ ಸಾತಾರಾ ಸಂಸ್ಥಾನಕ್ಕೆ ಅನ್ವಯವಾಯಿತು. ಕಿತ್ತೂರಿನ ಪ್ರಕರಣ ಅದಕ್ಕಿಂತ 24 ವರ್ಷ ಹಿಂದಿನದು.

ದತ್ತು ಮತ್ತು ಜುಲೈ ಪತ್ರ

ಶಿವಲಿಂಗರುದ್ರಸರ್ಜನಿಗೆ ಮಕ್ಕಳಿರಲಿಲ್ಲ. ಆರೋಗ್ಯವೂ ಕ್ಷೀಣಿಸಿತ್ತು. ಮಾಸ್ತಮರಡಿಯ ಬಾಳಪ್ಪಗೌಡನ ಮಗ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಳ್ಳಲು ನಿರ್ಧರಿಸಲಾಯಿತು. 1824ರ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ದೇಸಾಯಿ ನಿಧನನಾದನು.

ಅದೇ ಸುಮಾರಿಗೆ ಧಾರವಾಡದಲ್ಲಿದ್ದ ಕಲೆಕ್ಟರ್ ಹಾಗೂ ರಾಜಕೀಯ ಪ್ರತಿನಿಧಿ ಥ್ಯಾಕರೆಯ ಕೈಗೆ ದೇಸಾಯಿಯ ಹೆಸರಿನ ಪತ್ರವೊಂದು ತಲುಪಿತು. ತಾನು ಅಸ್ವಸ್ಥನಾಗಿರುವುದನ್ನೂ ಹುಡುಗನೊಬ್ಬನನ್ನು ದತ್ತು ತೆಗೆದುಕೊಂಡಿರುವುದನ್ನೂ ತಿಳಿಸಿ, ಅದನ್ನು ಮಾನ್ಯ ಮಾಡಬೇಕೆಂದು ಕೋರುವ ಪತ್ರವದು. ಪತ್ರದಲ್ಲಿದ್ದ ತಾರೀಖು ಜುಲೈ 10. ಕಿತ್ತೂರಿನಿಂದ ಧಾರವಾಡಕ್ಕೆ ಒಂದು ದಿನದ ದಾರಿ. ಪತ್ರ ತಲುಪಲು ಎರಡು ತಿಂಗಳು ಹಿಡಿದಿತ್ತು. ಥ್ಯಾಕರೆ ವೈದ್ಯನೊಬ್ಬನನ್ನು ಕಿತ್ತೂರಿಗೆ ಕಳುಹಿಸಿದನು. ಅವನು ತಲುಪುವಷ್ಟರಲ್ಲಿ ದೇಸಾಯಿ ಬದುಕಿರಲಿಲ್ಲ.

ಪತ್ರದ ಸಹಿ ದೇಸಾಯಿಯದಲ್ಲ, ದತ್ತಕ ನಡೆದದ್ದೇ ಅವನ ಮರಣದ ನಂತರ, ಅರಮನೆಯ ಅಧಿಕಾರಿಗಳು ತಮ್ಮ ಸ್ಥಾನ ಉಳಿಸಿಕೊಳ್ಳಲು ಹಿಂದಿನ ತಾರೀಖು ಹಾಕಿ ಪತ್ರ ಸೃಷ್ಟಿಸಿದ್ದಾರೆ ಎಂಬ ತೀರ್ಮಾನಕ್ಕೆ ಥ್ಯಾಕರೆ ಬಂದನು. ದೇಸಾಯಿ ಬದುಕಿದ್ದಾಗಲೇ ವಿಧಿವತ್ತಾಗಿ ದತ್ತಕ ನಡೆದಿತ್ತೆಂಬುದು ಕಿತ್ತೂರಿನ ನಿಲುವು. ಒಂದು ಸಂಸ್ಥಾನದ ಅಳಿವು ಉಳಿವು ಹೀಗೆ ಒಂದು ಕಾಗದದ ತಾರೀಖು ಮತ್ತು ಸಹಿಯ ಪ್ರಶ್ನೆಯಾಗಿ ಪರಿಣಮಿಸಿತು. ಸಹಿ ನಿಜವೇ ಆಗಿದ್ದರೂ ಪೂರ್ವಾನುಮತಿ ಇರಲಿಲ್ಲವೆಂಬ ಆಕ್ಷೇಪಣೆಯನ್ನು ಕಂಪನಿ ಎತ್ತಬಹುದಾಗಿತ್ತು. ಆದ್ದರಿಂದ ವಿವಾದ ಕೇವಲ ಒಂದು ಸಹಿಯದಾಗಿರಲಿಲ್ಲ. ವಾರಸನನ್ನು ನಿರ್ಧರಿಸುವ ಅಧಿಕಾರ ಯಾರದೆಂಬುದೇ ಮೂಲ ಪ್ರಶ್ನೆಯಾಗಿತ್ತು.

ಕಂಪನಿಯೊಡನೆ ಪತ್ರ ವ್ಯವಹಾರ

ದೇಸಾಯಿಯ ಮರಣದ ನಂತರ ಹುಡುಗ ಶಿವಲಿಂಗಪ್ಪ ಮತ್ತು ದೇಸಾಯಿಯ ವಿಧವೆ ವೀರವ್ವ ಅವರ ಪರವಾಗಿ ಚೆನ್ನಮ್ಮ ಆಡಳಿತದ ಹೊಣೆ ಹೊತ್ತರು. ಸರದಾರ ಗುರುಸಿದ್ದಪ್ಪ ಅವರ ಪ್ರಮುಖ ಸಲಹೆಗಾರನಾಗಿದ್ದನು. ಥ್ಯಾಕರೆ ಕಿತ್ತೂರಿನ ಭಂಡಾರಕ್ಕೆ ಮುದ್ರೆ ಹಾಕಿಸಿ, ಕಾವಲಿಟ್ಟು, ಆಡಳಿತ ನೋಡಿಕೊಳ್ಳಲು ತನ್ನ ಕಡೆಯವರನ್ನು ನೇಮಿಸಿದನು. ಭಂಡಾರದಲ್ಲಿದ್ದ ನಗದು ಮತ್ತು ಒಡವೆಗಳ ಮೌಲ್ಯ ಸುಮಾರು 15 ಲಕ್ಷ ರೂಪಾಯಿ ಎಂದು ಹೇಳಲಾಗುತ್ತದೆ.

ಚೆನ್ನಮ್ಮನವರ ಮೊದಲ ಪ್ರತಿಕ್ರಿಯೆ ಯುದ್ಧವಾಗಿರಲಿಲ್ಲ. ಸ್ಥಳೀಯ ಅಧಿಕಾರಿಯಿಂದ ನ್ಯಾಯ ದೊರೆಯದೆಂದು ಕಂಡಾಗ ಅವರು ಅವನ ಮೇಲಿನವರಿಗೆ ಬರೆದರು: ದಕ್ಖನ್ ಕಮಿಷನರ್ ವಿಲಿಯಂ ಚಾಪ್ಲಿನ್‌ಗೆ ಮತ್ತು ಬೊಂಬಾಯಿಯ ಗವರ್ನರ್ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್‌ಗೆ. ದತ್ತಕವನ್ನು ಮಾನ್ಯ ಮಾಡಿ ಸಂಸ್ಥಾನವನ್ನು ಮೊದಲಿನಂತೆ ಮುಂದುವರಿಸಬೇಕೆಂಬುದು ಅವರ ಬೇಡಿಕೆಯ ಸಾರ.

ಈ ಕ್ರಮದ ಹಿಂದೆ ಆ ಕಾಲದ ರಾಜತಂತ್ರದ ತಿಳಿವಳಿಕೆಯಿತ್ತು. ಪೇಶ್ವೆಯ ಕಾಲದಲ್ಲಿ ಸುಭೇದಾರನೊಡನೆ ಹೊಂದಾಣಿಕೆ ಆಗದಿದ್ದರೆ ಪುಣೆಗೆ ವಕೀಲನನ್ನು ಕಳುಹಿಸಿ ಕೆಲಸ ಮಾಡಿಸಿಕೊಳ್ಳುವುದು ಸಾಮಾನ್ಯವಾಗಿತ್ತು. ಕಂಪನಿಯಲ್ಲಿ ವ್ಯವಸ್ಥೆ ಬೇರೆ. ಚಾಪ್ಲಿನ್ ಮತ್ತು ಎಲ್ಫಿನ್‌ಸ್ಟನ್ ಕಿತ್ತೂರಿನ ವಿಷಯವನ್ನು ಅರಿಯುತ್ತಿದ್ದುದು ಮುಖ್ಯವಾಗಿ ಥ್ಯಾಕರೆಯ ವರದಿಗಳಿಂದ. ಯಾರ ವಿರುದ್ಧ ದೂರು ಹೋಗಿತ್ತೋ ಅವನ ವರದಿಯೇ ತೀರ್ಪಿಗೆ ಆಧಾರವಾಯಿತು. ಕಿತ್ತೂರಿಗೆ ಅನುಕೂಲವಾದ ಉತ್ತರ ಬರಲಿಲ್ಲ.

ಅಕ್ಟೋಬರ್ 23ರ ಯುದ್ಧ

ಅಕ್ಟೋಬರ್‌ನಲ್ಲಿ ಥ್ಯಾಕರೆ ತನ್ನ ಸಹಾಯಕರೊಡನೆ, ಮದರಾಸಿನ ಕುದುರೆ ಫಿರಂಗಿ ದಳ ಹಾಗೂ ಕಾಲಾಳುಗಳೊಡನೆ ಕಿತ್ತೂರಿಗೆ ಬಂದು ಬಿಡಾರ ಹೂಡಿದನು. ಭಂಡಾರದ ಸುರಕ್ಷತೆಗೆ ಹೊಣೆಯಾಗಿ ಮುಚ್ಚಳಿಕೆ ಬರೆದುಕೊಡಬೇಕೆಂದು ಸಂಸ್ಥಾನದ ಪ್ರಮುಖರನ್ನು ಒತ್ತಾಯಿಸಿದನು. ಅವರು ಒಪ್ಪಲಿಲ್ಲ. 23ರ ಬೆಳಿಗ್ಗೆ ಕೋಟೆಯ ಬಾಗಿಲುಗಳು ಮುಚ್ಚಿದ್ದವು. ಬಾಗಿಲು ತೆರೆಯಲು ಥ್ಯಾಕರೆ ಅಲ್ಪಾವಧಿಯ ಗಡುವು ಕೊಟ್ಟು, ಒಡೆಯುವುದಾಗಿ ಬೆದರಿಸಿ ಫಿರಂಗಿಗಳನ್ನು ಮುಂದಕ್ಕೆ ತರಿಸಿದನು. ಗಡುವು ಮುಗಿಯುತ್ತಿದ್ದಂತೆ ಬಾಗಿಲು ತೆರೆದು ಕಿತ್ತೂರಿನ ಸೇನೆ ಹೊರನುಗ್ಗಿತು.

ಈ ಕಾದಾಟದಲ್ಲಿ ಥ್ಯಾಕರೆ ಹತನಾದನು. ಅವನನ್ನು ಗುಂಡಿಕ್ಕಿ ಕೊಂದವನು ಅಮಟೂರು ಬಾಳಪ್ಪ ಎಂದು ಪ್ರಸಿದ್ಧಿ. ಕ್ಯಾಪ್ಟನ್ ಬ್ಲ್ಯಾಕ್, ಲೆಫ್ಟಿನೆಂಟ್ ಸೀವೆಲ್ ಮತ್ತು ಲೆಫ್ಟಿನೆಂಟ್ ಡೈಟನ್ ಸಹ ಸತ್ತರು. ಥ್ಯಾಕರೆಯ ಸಹಾಯಕರಾದ ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಸೆರೆಸಿಕ್ಕರು. ಮೃತ ಥ್ಯಾಕರೆ ಇಂಗ್ಲಿಷ್ ಕಾದಂಬರಿಕಾರ ವಿಲಿಯಂ ಮೇಕ್‌ಪೀಸ್ ಥ್ಯಾಕರೆಯ ಚಿಕ್ಕಪ್ಪ. ಸೆರೆಯಾಗಿದ್ದ ಎಲಿಯಟ್ ಮುಂದೆ ಕರ್ನಾಟಕದ ಶಾಸನಗಳನ್ನು ಸಂಗ್ರಹಿಸಿದ ವಿದ್ವಾಂಸನಾಗಿ ಹೆಸರು ಗಳಿಸಿದನು.

ಒತ್ತೆಯಾಳುಗಳು ಮತ್ತು ಸಂಧಾನ

ಗೆಲುವಿನ ನಂತರ ಪತ್ರ ವ್ಯವಹಾರ ಮತ್ತೆ ಆರಂಭವಾಯಿತು. ಈ ಬಾರಿ ಕಿತ್ತೂರಿನ ಕೈಯಲ್ಲಿ ಇಬ್ಬರು ಅಧಿಕಾರಿಗಳಿದ್ದರು. ಸಂಸ್ಥಾನವನ್ನು ಉಳಿಸುವ ಭರವಸೆ ದೊರೆತರೆ ಅವರನ್ನು ಬಿಡುವುದಾಗಿ ಕಿತ್ತೂರು ತಿಳಿಸಿತು. ಚಾಪ್ಲಿನ್ ಮೊದಲು ಬಂದಿಗಳ ಬಿಡುಗಡೆಯಾಗಬೇಕೆಂದು ಒತ್ತಾಯಿಸಿದನು. ಮಾತುಕತೆ ನಡೆಯುತ್ತಿದ್ದಾಗಲೇ ಬೊಂಬಾಯಿ ಮತ್ತು ಮದರಾಸು ಎರಡೂ ಪ್ರಾಂತ್ಯಗಳ ಪಡೆಗಳು ಕಿತ್ತೂರಿನತ್ತ ಸಾಗಿ ಬಂದವು. ಕಂಪನಿಗೆ ಬೇಕಾಗಿದ್ದ ಸಮಯ ಸಂಧಾನದಿಂದ ದೊರೆಯಿತು. ಕಿತ್ತೂರಿಗೆ ಬೇಕಾಗಿದ್ದ ಭರವಸೆ ದೊರೆಯಲಿಲ್ಲ.

ಡಿಸೆಂಬರ್ 2ರಂದು ಕಿತ್ತೂರು ಸ್ಟೀವನ್‌ಸನ್ ಮತ್ತು ಎಲಿಯಟ್‌ರನ್ನು ಯಾವುದೇ ಹಾನಿಯಿಲ್ಲದೆ ಬಿಡುಗಡೆ ಮಾಡಿತು. ಕೋಟೆಯನ್ನು ಒಪ್ಪಿಸುವ ವಿಷಯದಲ್ಲಿ ಒಮ್ಮತ ಮೂಡದೆ ಮರುದಿನ ದಾಳಿ ಆರಂಭವಾಯಿತು. ಥಾಮಸ್ ಮನ್ರೋನ ಸಂಬಂಧಿಯೂ ಸೊಲ್ಲಾಪುರದ ಸಬ್ ಕಲೆಕ್ಟರನೂ ಆಗಿದ್ದ ಮನ್ರೋ ಈ ಹೋರಾಟದಲ್ಲಿ ಗಾಯಗೊಂಡು ಮೃತನಾದನು. ಡಿಸೆಂಬರ್ 5ರಂದು ಕೋಟೆ ಶರಣಾಯಿತು. ಕಿತ್ತೂರಿನ ಮದ್ದಿನಲ್ಲಿ ಸಗಣಿ ಬೆರೆಸಿ ದ್ರೋಹ ಬಗೆಯಲಾಯಿತೆಂಬ ಕಥೆಯನ್ನು ಲಾವಣಿಗಳು ಮತ್ತು ನಾಟಕಗಳು ಉಳಿಸಿಕೊಂಡು ಬಂದಿವೆ.

ಸೆರೆವಾಸ ಮತ್ತು ಮರಣ

ಚೆನ್ನಮ್ಮ ಮತ್ತು ವೀರವ್ವ ಅವರನ್ನು ಬೈಲಹೊಂಗಲದಲ್ಲಿ ಬಂಧನದಲ್ಲಿಡಲಾಯಿತು. ಸಂಸ್ಥಾನ ಕಂಪನಿಯ ಆಡಳಿತಕ್ಕೆ ಸೇರಿತು. ನಾಲ್ಕು ವರ್ಷಗಳಿಗೂ ಹೆಚ್ಚು ಕಾಲ ಸೆರೆಯಲ್ಲಿದ್ದು ಚೆನ್ನಮ್ಮ 1829ರ ಫೆಬ್ರವರಿಯಲ್ಲಿ ಕೊನೆಯುಸಿರೆಳೆದರು. ಅವರ ಸಮಾಧಿ ಬೈಲಹೊಂಗಲದಲ್ಲಿದೆ. ಅದೇ ವರ್ಷ ಸಂಗೊಳ್ಳಿ ರಾಯಣ್ಣ ದತ್ತುಪುತ್ರ ಶಿವಲಿಂಗಪ್ಪನನ್ನು ಮತ್ತೆ ಪಟ್ಟಕ್ಕೆ ತರುವ ಉದ್ದೇಶದಿಂದ ಬಂಡಾಯ ಹೂಡಿದನು. ಅವನನ್ನು 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಪರಂಪರೆ

ಕಿತ್ತೂರಿನ ಪ್ರಕರಣ ಎರಡು ಬಗೆಯ ದಾಖಲೆಗಳಲ್ಲಿ ಉಳಿದಿದೆ. ಕಂಪನಿಯ ಕಡತಗಳಲ್ಲಿ ಅದು ಒಂದು ಬಂಡಾಯ; ಅಲ್ಲಿ ಕಿತ್ತೂರಿನ ಮಾತು ಬಹುಮಟ್ಟಿಗೆ ಇಂಗ್ಲಿಷ್ ಅಧಿಕಾರಿಗಳ ಭಾಷಾಂತರ ಮತ್ತು ವರದಿಗಳ ಮೂಲಕ ಕೇಳಿಬರುತ್ತದೆ. ಬೆಳಗಾವಿ ಮತ್ತು ಧಾರವಾಡ ಸೀಮೆಯ ಲಾವಣಿ ಮತ್ತು ಗೀಗೀ ಪದಗಳಲ್ಲಿ ಅದು ಮಾನ ಕಾಯ್ದ ರಾಣಿಯ ಕಥೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಜೆ. ಎಫ್. ಫ್ಲೀಟ್ ಈ ಭಾಗದ ಕನ್ನಡ ಲಾವಣಿಗಳನ್ನು ಸಂಗ್ರಹಿಸಿ ಪ್ರಕಟಿಸಿದನು.

1961ರಲ್ಲಿ ಬಿ. ಆರ್. ಪಂತುಲು ನಿರ್ದೇಶನದ ಕಿತ್ತೂರು ಚೆನ್ನಮ್ಮ ಚಲನಚಿತ್ರ ಬಿಡುಗಡೆಯಾಯಿತು, ಬಿ. ಸರೋಜಾದೇವಿ ರಾಣಿಯ ಪಾತ್ರ ವಹಿಸಿದ್ದರು. 1977ರಲ್ಲಿ ಭಾರತದ ಅಂಚೆ ಇಲಾಖೆ ಅವರ ಸ್ಮರಣಾರ್ಥ ಅಂಚೆ ಚೀಟಿ ಹೊರತಂದಿತು. 2007ರ ಸೆಪ್ಟೆಂಬರ್ 11ರಂದು ಸಂಸತ್ ಭವನದ ಆವರಣದಲ್ಲಿ ಅವರ ಪ್ರತಿಮೆಯನ್ನು ರಾಷ್ಟ್ರಪತಿ ಪ್ರತಿಭಾ ಪಾಟೀಲ್ ಅನಾವರಣಗೊಳಿಸಿದರು. 2010ರಲ್ಲಿ ಸ್ಥಾಪನೆಯಾದ ಬೆಳಗಾವಿಯ ವಿಶ್ವವಿದ್ಯಾಲಯಕ್ಕೆ ಹಾಗೂ ಬೆಂಗಳೂರಿನಿಂದ ಬೆಳಗಾವಿ ಮಾರ್ಗವಾಗಿ ಸಾಗುವ ರೈಲಿಗೆ ಅವರ ಹೆಸರಿದೆ. ವಿಜಯದ ದಿನವಾದ ಅಕ್ಟೋಬರ್ 23ರ ನೆನಪಿಗಾಗಿ ಕರ್ನಾಟಕ ಸರ್ಕಾರ ಪ್ರತಿವರ್ಷ ಕಿತ್ತೂರು ಉತ್ಸವ ಆಚರಿಸುತ್ತದೆ. ಕೋಟೆ ಮತ್ತು ಅರಮನೆಯ ಅವಶೇಷಗಳು ಕಿತ್ತೂರಿನಲ್ಲಿ ಇಂದಿಗೂ ಇವೆ.